ಸಾಧಾರಣ ಶರೀರ

ಮಾಷ್ಟ್ರು: ಉಂಡದ್ದರಲ್ಲಿ ಸಣ್ಣ ಕರುಳಿಗೆ ಅರಗದೆ ಉಳಿದ ಪಾಲೇ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಊಟ. ಸಕ್ಕರೆ, ಎಣ್ಣೆ, ಮೈದಾ, ಪಾಲಿಶ್ ಅಕ್ಕಿಯ ಬಿಸಿ ಅನ್ನ ಇವೆಲ್ಲ ಹೆಚ್ಚುಕಡಿಮೆ ಮೇಲೆಯೇ ಖರ್ಚಾಗುತ್ತವೆ. ಸೊಪ್ಪಿನ ನಾರು, ಕಾಳಿನ ಸಿಪ್ಪೆ, ತಣಿದ ಅನ್ನದಲ್ಲಿ ಗಟ್ಟಿಯಾದ ಪಿಷ್ಟ ಕೆಳಗಿಳಿಯುತ್ತವೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳು ಅಂದಾಜು 38 ಲಕ್ಷ ಕೋಟಿ; ಮನುಷ್ಯನ ಸ್ವಂತ ಜೀವಕೋಶಗಳು 30 ಲಕ್ಷ ಕೋಟಿ. ಆದರೂ ಅಷ್ಟೂ ಬ್ಯಾಕ್ಟೀರಿಯಾಗಳನ್ನು ಒಟ್ಟು ಮಾಡಿ ತೂಗಿದರೆ ಕಾಲು ಕಿಲೋ ಆಗುವುದಿಲ್ಲ.

ಅಕ್ಕ: ಕಾಲು ಕಿಲೋ ಇಲ್ಲದವಕ್ಕೆ ಇಷ್ಟು ಉಪಚಾರವೇ?

ಮಾಷ್ಟ್ರು: ಬಾಡಿಗೆ ಕೊಡುತ್ತವಲ್ಲ! ನಾರನ್ನು ಹುಳಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡಾ 70 ಬ್ಯುಟಿರೇಟ್ ಒಂದರಿಂದಲೇ ಬರುತ್ತದೆ. ಊಟ ಸಿಗದಿದ್ದರೆ ಇವೆಲ್ಲ ಸುಮ್ಮನೆ ಸಾಯುವುದೂ ಇಲ್ಲ. ಕೆಲವು ಕರುಳಿನ ಗೋಡೆಗೆ ಬಳಿದ ಲೋಳೆಯನ್ನೇ ಮೇಯಲು ತೊಡಗುತ್ತವೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾರಿಲ್ಲದ ಆಹಾರ ತಿಂದ ಇಲಿಗಳ ಲೋಳೆಪದರ ತೆಳುವಾಗಿ, ರೋಗಾಣುಗಳಿಗೆ ದಾರಿ ಸಲೀಸಾಯಿತು.

ಅಕ್ಕ: ಹಾಗಾದರೆ ಹಳ್ಳಿಯ ಹೊಟ್ಟೆಯೂ ಪೇಟೆಯ ಹೊಟ್ಟೆಯೂ ಬೇರೆ ಬೇರೆ ಎನ್ನುವುದು ಅಡುಗೆಯ ವ್ಯತ್ಯಾಸವೇ?

ಮಾಷ್ಟ್ರು: ಮೊದಲ ದೊಡ್ಡ ಸುಳಿವು ಸಿಕ್ಕಿದ್ದು ಅಡುಗೆಯಿಂದಲೇ. 2010ರಲ್ಲಿ ಇಟಲಿಯ ಸಂಶೋಧಕರು ಫ್ಲಾರೆನ್ಸ್ ನಗರದ ಮಕ್ಕಳನ್ನೂ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಬೂಲ್ಪೋನ್ ಎಂಬ ಹಳ್ಳಿಯ ಮಕ್ಕಳನ್ನೂ ಹೋಲಿಸಿದರು. ಎರಡು ಕಡೆಯೂ ಸೇರಿ ಮೂವತ್ತು ಮಕ್ಕಳೂ ಇರಲಿಲ್ಲ. ಬೂಲ್ಪೋನ್‌ನಲ್ಲಿ ಎರಡು ವರ್ಷ ದಾಟಿದ ಮಗುವಿಗೆ ದಿನಕ್ಕೆ ಸುಮಾರು 14 ಗ್ರಾಂ ನಾರು ಸಿಗುತ್ತಿತ್ತು, ಫ್ಲಾರೆನ್ಸ್‌ನಲ್ಲಿ 8 ಗ್ರಾಂ. ಹಳ್ಳಿಯ ಮಕ್ಕಳ ಕರುಳಲ್ಲಿ ಗಿಡದ ನಾರನ್ನು ಒಡೆಯುವ ಪ್ರಿವೊಟೆಲ್ಲಾ ಗುಂಪು ಮೇಲುಗೈ ಪಡೆದಿತ್ತು, ಬ್ಯುಟಿರೇಟಿನಂಥ ಸಣ್ಣ ಆಮ್ಲಗಳೂ ಹೆಚ್ಚಿದ್ದವು. ಭೇದಿ ತರುವ ಬಳಗದ ಬ್ಯಾಕ್ಟೀರಿಯಾಗಳು ಮಾತ್ರ ನಗರದ ಮಕ್ಕಳಿಗಿಂತ ಕಡಿಮೆ. ಆ ಹಳ್ಳಿಯ ಊಟ ಎಂದರೆ ಸಜ್ಜೆಯಂಥ ಕಿರುಧಾನ್ಯದ ಗಂಜಿ, ಜೋಳ, ಹಿತ್ತಲ ತರಕಾರಿ, ಜತೆಗೆ ಕಪ್ಪು ಕಣ್ಣಿನ ಒಂದು ಕಾಳು.

ಅಕ್ಕ: ಕಪ್ಪು ಕಣ್ಣಿನ ಕಾಳೆಂದರೆ ಅಲಸಂಡೆ ಬೀಜವೇ ಅಲ್ವಾ?

ಮಾಷ್ಟ್ರು: ಅದೇ. ಆಫ್ರಿಕಾದಲ್ಲಿ ಹುಟ್ಟಿ ಸಾವಿರಾರು ವರ್ಷ ಹಿಂದೆ ಇಲ್ಲಿಗೆ ಬಂದ ಬೆಳೆ. ಬೂಲ್ಪೋನ್‌ನ ಪಾತ್ರೆಯಲ್ಲಿ ಬೇಯುವುದೂ ಬೆಳ್ತಂಗಡಿಯ ಪಾತ್ರೆಯಲ್ಲಿ ಬೇಯುವುದೂ ಒಂದೇ ಜಾತಿಯ ಕಾಳು.

ಅಕ್ಕ: ಈ ತುಳುನಾಡಿನ ಊಟದಲ್ಲಿ ಅಲಸಂಡೆ ಒಂದು ಮೂಲೆ ಮಾತ್ರ, ಮಾಷ್ಟ್ರೇ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಾಳೆದಿಂಡಿನ ಪಲ್ಯ, ಬಾಳೆಹೂವಿನ ಚಟ್ನಿ, ಒಂದೆಲಗದ ತಂಬುಳಿ ಇವು ಬಾರೋಮಾಸ ಉಂಟು. ಬೇಸಗೆಯಲ್ಲಿ ಹಲಸು: ಸೊಳೆ, ಬೀಜ, ಎಳೆಗುಜ್ಜೆ, ಒಂದನ್ನೂ ಬಿಸಾಡುವುದಿಲ್ಲ. ಮಳೆಗಾಲದ ಆಟಿ ತಿಂಗಳು ಬಂದರೆ ಕೆಸುವಿನ ಎಲೆಯ ಪತ್ರೊಡೆ, ತಜಂಕ್ ಎನ್ನುವ ತಗತೆ ಸೊಪ್ಪು, ಕಣಿಲೆ, ಭರಣಿಯಲ್ಲಿ ಉಪ್ಪು ನೀರಿಗೆ ಹಾಕಿಟ್ಟ ಹಲಸಿನ ಸೊಳೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ಕೆತ್ತೆಯ ಕಷಾಯ, ಅದರ ಉಷ್ಣಕ್ಕೆ ಮೆಂತೆ ಗಂಜಿ.

ಮಾಷ್ಟ್ರು: ಆ ಪಟ್ಟಿಯಲ್ಲಿ ಕುಚ್ಚಲಕ್ಕಿಯನ್ನು ಒಂದು ಕ್ಷಣ ಹಿಡಿದು ನೋಡಬೇಕು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುವ ಅಕ್ಕಿ ಇದು. ಬೇಯುವಾಗ ತವುಡಿನಲ್ಲಿರುವ ಬಿ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಬೆಂದ ಪಿಷ್ಟ ತಣಿಯುವಾಗ ಅದರ ಒಂದು ಪಾಲು ಮತ್ತೆ ಗಟ್ಟಿ ಹೆಣೆದುಕೊಳ್ಳುತ್ತದೆ. ರಾತ್ರಿಯ ಅನ್ನಕ್ಕೆ ನೀರು ಹೊಯ್ದು ಬೆಳಗ್ಗೆ ಉಣ್ಣುವಾಗ ಇನ್ನಷ್ಟು. ಈ ಹೆಣೆದ ಪಿಷ್ಟ ಸಣ್ಣ ಕರುಳಿನ ಕಿಣ್ವಕ್ಕೆ ಸುಲಭಕ್ಕೆ ಬಗ್ಗದೆ ಕೆಳಗೆ ಹೋಗಿ ಬ್ಯಾಕ್ಟೀರಿಯಾಗಳಿಗೆ ಸಿಗುತ್ತದೆ. ಕೆಂಪು ತವುಡು ಉಳಿದ ಕುಚ್ಚಲಕ್ಕಿಗೂ ಚೆನ್ನಾಗಿ ಉಜ್ಜಿ ಬೆಳ್ಳಗೆ ಮಾಡಿದ ಕುಚ್ಚಲಕ್ಕಿಗೂ ಈಗ ಹೆಸರು ಒಂದೇ. ಅಂಗಡಿಯಲ್ಲಿ ಬಣ್ಣ ನೋಡದೆ ತಂದರೆ ಅರ್ಧ ಲಾಭ ಮಿಲ್ಲಿನಲ್ಲೇ ಉಳಿಯುತ್ತದೆ.

ಅಕ್ಕ: ಭಾರತದವರ ಕರುಳನ್ನು ಯಾರೂ ನೋಡಲಿಲ್ಲವೇ? ಎಲ್ಲದಕ್ಕೂ ಆಫ್ರಿಕಾದ ಉದಾಹರಣೆ.

ಮಾಷ್ಟ್ರು: ನೋಡಿದ್ದಾರೆ. 2015ರಲ್ಲಿ ಅಸ್ಸಾಂ, ಮಣಿಪುರ, ಸಿಕ್ಕಿಂ, ತೆಲಂಗಾಣದ 15 ಬುಡಕಟ್ಟುಗಳ ಅಧ್ಯಯನ ಬಂತು. ಅಲ್ಲೂ ಪ್ರಿವೊಟೆಲ್ಲಾದ್ದೇ ಕಾರುಬಾರು. 2019ರಲ್ಲಿ ಭೋಪಾಲದ ವಿಜ್ಞಾನಿಗಳು ಭೋಪಾಲ ಕಡೆಯವರನ್ನೂ ಕೇರಳದವರನ್ನೂ ಅಕ್ಕಪಕ್ಕ ಇಟ್ಟು ನೋಡಿದರು, ಒಟ್ಟು 110 ಜನ. ಹೆಚ್ಚಾಗಿ ಸಸ್ಯಾಹಾರ ಉಣ್ಣುವ ಭೋಪಾಲದವರಲ್ಲಿ ಪ್ರಿವೊಟೆಲ್ಲಾ ತುಂಬಿತ್ತು. ಅನ್ನ, ಮೀನು, ಮಾಂಸ ಉಣ್ಣುವ ಕೇರಳದವರಲ್ಲಿ ಬ್ಯಾಕ್ಟಿರಾಯ್ಡೀಸ್, ರುಮಿನೊಕಾಕಸ್, ಫೀಕಾಲಿಬ್ಯಾಕ್ಟೀರಿಯಂ ಹೆಚ್ಚು ಕಂಡವು. ಭಾರತೀಯ ಕರುಳು ಎಂಬ ಒಂದೇ ಅಚ್ಚು ಇಲ್ಲ. ಕೇರಳದ ಕಾಸರಗೋಡಿನ ತನಕ ಒಂದೇ ಕರಾವಳಿಯಾದ ತುಳುನಾಡನ್ನು ಭೋಪಾಲದ ಜತೆ ಒಂದೇ ಪಂಕ್ತಿಯಲ್ಲಿ ಕೂರಿಸಲಿಕ್ಕಾಗುವುದಿಲ್ಲ. ನಮ್ಮ ಈ ಮೂಡುಬಿದಿರೆ ಪೇಟೆಯಲ್ಲೇ ಎರಡು ಅಡುಗೆಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ: ಒಂದು ಬಂಗುಡೆ ಸಾರಿನದ್ದು, ಇನ್ನೊಂದು ಬಸದಿ ಬೀದಿಯದ್ದು.

ಅಕ್ಕ: ಬಸದಿ ಬೀದಿಯ ಮಾತು ಬಂದದ್ದು ಒಳ್ಳೆಯದಾಯಿತು. ಪತ್ರಿಕೆಗಳಲ್ಲಿ ಬರೆಯುವುದೆಲ್ಲ ಒಂದೇ ಧಾಟಿ: ಹಿರಿಯರು ಹುಳಿ ಬಂದದ್ದನ್ನು ಉಣ್ಣುತ್ತಿದ್ದರು, ಮೊಸರು, ತಂಗಳನ್ನ, ಉದ್ದಿನ ದೋಸೆ, ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ, ಆದ್ದರಿಂದ ಹಿರಿಯರು ಗಟ್ಟಿ. ಕಟ್ಟುನಿಟ್ಟಿನ ಜೈನ ಮನೆಗೆ ಈ ಲೆಕ್ಕ ಹೊಂದುವುದಿಲ್ಲವಲ್ಲ. ಅಲ್ಲಿ ತಂಗಳು ಇಲ್ಲ, ರಾತ್ರಿ ಇಟ್ಟ ಹಿಟ್ಟು ಇಲ್ಲ, ಮೊಸರಿಗೂ ಗಡುವು ಉಂಟು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಗಡ್ಡೆ, ಗೆಣಸು, ಈರುಳ್ಳಿ, ಬೆಳ್ಳುಳ್ಳಿ ಒಳಗೆ ಬರುವುದಿಲ್ಲ. ಚಾತುರ್ಮಾಸದಲ್ಲಿ ಸೊಪ್ಪು ಕೂಡ ಬಿಡುವವರು ಉಂಟು. ಪರಂಪರೆ ಎಂದರೆ ಇದಕ್ಕಿಂತ ಹಳೆಯ ಪರಂಪರೆ ಯಾವುದು?

ಮಾಷ್ಟ್ರು: ಇಡೀ ವಿಷಯದಲ್ಲಿ ಅತ್ಯಂತ ಉಪಯೋಗದ ಪ್ರಶ್ನೆ ಇದು. ಸಾಂಪ್ರದಾಯಿಕ ಊಟವನ್ನೂ ಹುಳಿಸಿದ ಊಟವನ್ನೂ ಒಂದೇ ಎಂದು ತಿಳಿದದ್ದರಿಂದ ಆದ ಗೊಂದಲ ಎಷ್ಟೋ. ಉದ್ದಿನ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಕಾವಲಿಯ ಮೇಲೆ ಸತ್ತೇ ಹೋಗುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕರುಳಲ್ಲಿ ನೆಲೆ ನಿಲ್ಲುವುದಿಲ್ಲ, ದಾರಿಹೋಕರಂತೆ ಸಾಗುತ್ತವೆ. ನೆಲೆ ನಿಂತವನ್ನು ಸಾಕುವುದು ಕೆಳಗಿಳಿದ ನಾರು. ಈ ಕಣ್ಣಿನಿಂದ ಜೈನರ ಅಡುಗೆಮನೆಯನ್ನು ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟದ್ದರಿಂದ ಇನುಲಿನ್ ಎಂಬ ಒಳ್ಳೆಯ ನಾರು ಕಡಿಮೆಯಾಯಿತು, ನಿಜ. ಆ ಜಾಗಕ್ಕೆ ಬಂದದ್ದು ಬಾಳೆಕಾಯಿ, ಹಲಸು, ಹೆಸರು, ಕಡಲೆ, ಅಲಸಂಡೆ. ಆಲೂಗಡ್ಡೆಯ ಬದಲಿಗೆ ಬಾಳೆಕಾಯಿ ಎಂಬುದು ಬ್ಯಾಕ್ಟೀರಿಯಾಗಳ ದೃಷ್ಟಿಯಲ್ಲಿ ನಷ್ಟದ ವ್ಯಾಪಾರವಲ್ಲ. ಅನ್ನದ ಬುಡದಲ್ಲಿ ಕುಚ್ಚಲಕ್ಕಿ ಹೇಗೂ ಉಂಟು.

ಅಕ್ಕ: ಸೂರ್ಯ ಮುಳುಗಿದ ಮೇಲೆ ಉಣ್ಣದಿರುವುದು?

ಮಾಷ್ಟ್ರು: ಅದಕ್ಕೆ ಕರುಳಿನ ಕಡೆಯಿಂದಲೂ ಒಂದು ಮಾತು ಉಂಟು. ಕರುಳಿನ ಬ್ಯಾಕ್ಟೀರಿಯಾಗಳ ಪ್ರಮಾಣ ಹಗಲು ರಾತ್ರಿಗೆ ತಕ್ಕಂತೆ ಏರಿಳಿಯುತ್ತದೆ. ಹೊತ್ತುಗೊತ್ತಿಲ್ಲದೆ ತಿಂದ ಇಲಿಗಳಲ್ಲಿ ಆ ಏರಿಳಿತ ಮಂಕಾಗಿ, ಊಟಕ್ಕೆ ಹೊತ್ತು ಕಟ್ಟಿದಾಗ ಒಂದಷ್ಟು ಮರಳಿದ್ದನ್ನು 2014ರಲ್ಲಿ ತೋರಿಸಿದರು. ಇಲಿಯ ಮಾತು ಇಲಿಗೆ. ರಾತ್ರಿ ಹನ್ನೊಂದಕ್ಕೆ ಪರೋಟ ತಿನ್ನುವವರು ಅದರಿಂದ ಒಂದು ಸಂಶಯ ಪಡಬಹುದು, ಅಷ್ಟೆ.

ಅಕ್ಕ: ಇಷ್ಟೆಲ್ಲ ನೇಮ ಬಂದದ್ದು ಆರೋಗ್ಯಕ್ಕಾಗಿ ಅಲ್ಲ. ಕಣ್ಣಿಗೆ ಕಾಣದ ಜೀವಿಗಳ ಹಿಂಸೆಯಾಗಬಾರದೆಂದು.

ಮಾಷ್ಟ್ರು: ಅದೇ ಸೋಜಿಗ. ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ತನ್ನ ಮಸೂರದಲ್ಲಿ ಕಂಡ ಸೂಕ್ಷ್ಮಜೀವಿಗಳ ಬಗ್ಗೆ ಬರೆದದ್ದು 1676ರಲ್ಲಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಇದೇ ಊರಿನ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಯ ಮೇಲೆ ಹಳಗನ್ನಡ ಲಿಪಿಯಲ್ಲಿ ಉಳಿದುಬಂದ ಷಟ್ಖಂಡಾಗಮ ಎಂಬ ಜೈನ ಗ್ರಂಥ ಅದಕ್ಕಿಂತ ಎಷ್ಟೋ ಹಳೆಯದು. ಅದರ ಮೇಲೆ ವೀರಸೇನರು ಬರೆದ ಧವಲಾ ಟೀಕೆಯೇ ಒಂಬತ್ತನೆಯ ಶತಮಾನದ್ದು. ಶತಮಾನಗಳ ಕಾಲ ಈ ಊರು ಬಿಟ್ಟು ಹೊರಗೆ ಹೋಗದ ಆ ಗ್ರಂಥ 1939ರಿಂದ ಅಚ್ಚಾಗಿ ಬರತೊಡಗಿತು. ಅದರಲ್ಲಿ ಜೀವಗಳ ವರ್ಗೀಕರಣ ಉಂಟು. ಒಂದೇ ಇಂದ್ರಿಯದ, ಕಣ್ಣಿಗೆ ಬೀಳದ ಸೂಕ್ಷ್ಮ ಜೀವಗಳು. ಲೆಕ್ಕವಿಲ್ಲದಷ್ಟು ಜೀವಗಳು ಸೇರಿ ಹಂಚಿಕೊಂಡ ಒಂದೇ ಒಡಲು, ಎಲ್ಲಕ್ಕೂ ಸೇರಿ ಒಂದೇ ಆಹಾರ, ಒಂದೇ ಉಸಿರು. ಇದಕ್ಕೆ ಸಾಧಾರಣ ಶರೀರ ಎಂದು ಹೆಸರು. ಗಡ್ಡೆಗೆಣಸು ಅಂಥ ಒಡಲು ಎಂಬ ಕಾರಣಕ್ಕೇ ಅವು ತಟ್ಟೆಗೆ ಬರುವುದಿಲ್ಲ.

ಅಕ್ಕ: ಕರುಳು ಕೂಡ ಹಾಗೇ ಉಂಟಲ್ಲ.

ಮಾಷ್ಟ್ರು: ಹೋಲಿಕೆ ಚೆಂದ, ಆದರೆ ಅಲ್ಲಿಗೇ ನಿಲ್ಲಿಸಬೇಕು. ಆಗಮ ಹೇಳಿದ್ದು ವನಸ್ಪತಿಯ ಬಗ್ಗೆ, ಜೀವದ ತತ್ತ್ವದ ಬಗ್ಗೆ. ಅದನ್ನು ಸೂಕ್ಷ್ಮದರ್ಶಕದ ಮುನ್ಸೂಚನೆ ಎಂದು ಹೊಗಳಿದರೆ ಆಗಮಕ್ಕೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಹೆಸರು ಮಾತ್ರ ಕರುಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಉಂಟು.

ಅಕ್ಕ: ಹುಳಿಸಿದ್ದು ಬೇಡವೇ ಬೇಡ ಎಂದ ಹಾಗಾಯಿತೋ?

ಮಾಷ್ಟ್ರು: ಹಾಗಲ್ಲ, ಇಲ್ಲಿ ಎದುರು ಸಾಕ್ಷಿಯೂ ಉಂಟು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹುಳಿಸಿದ ಆಹಾರ, ಇನ್ನೊಂದಕ್ಕೆ ನಾರು ಹೆಚ್ಚಿರುವ ಆಹಾರ, ಹತ್ತು ವಾರ ಕೊಟ್ಟರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಹುಳಿಸಿದ್ದು ತಿಂದವರ ಕರುಳಲ್ಲಿ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ 19 ಪ್ರೋಟೀನುಗಳು ಇಳಿದವು. ನಾರು ತಿಂದವರ ಗುಂಪಿನಲ್ಲಿ ವೈವಿಧ್ಯ ಹೆಚ್ಚಲಿಲ್ಲ.

ಅಕ್ಕ: ಅಷ್ಟು ಹೊತ್ತು ನಾರಿನ ಪರ ವಾದಿಸಿದ್ದೆಲ್ಲ ಏನಾಯಿತು?

ಮಾಷ್ಟ್ರು: ಆ ನಾರನ್ನು ಒಡೆಯುವವರು ಆ ಕರುಳುಗಳಲ್ಲಿ ಸಾಕಷ್ಟು ಉಳಿದಿದ್ದರೋ ಎಂದು ಕೇಳಬೇಕಾಗುತ್ತದೆ. ಗಾಣಿಗನೇ ಊರು ಬಿಟ್ಟ ಮೇಲೆ ಎಳ್ಳು ರಾಶಿ ಹಾಕಿದರೆ ಎಣ್ಣೆ ಎಲ್ಲಿಂದ ಬರಬೇಕು? ಅದೇ ಸಂಸ್ಥೆಯವರು 2016ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದ್ದರು. ಮನುಷ್ಯರ ಬ್ಯಾಕ್ಟೀರಿಯಾ ತುಂಬಿದ ಇಲಿಗಳಿಗೆ ನಾರು ಕಡಿಮೆ ಇರುವ ಆಹಾರ ಕೊಟ್ಟರು. ಒಂದೇ ತಲೆಮಾರಿನೊಳಗೆ ನಾರು ಮರಳಿ ಕೊಟ್ಟಾಗ ಕಳೆದುಹೋದ ಬಹುಪಾಲು ತಿರುಗಿ ಬಂತು. ನಾಲ್ಕು ತಲೆಮಾರು ಹಾಗೇ ಸಾಕಿದ ಮೇಲೆ ಎಷ್ಟು ನಾರು ಕೊಟ್ಟರೂ ಬರಲಿಲ್ಲ. ಹೊರಗಿನಿಂದ ಬ್ಯಾಕ್ಟೀರಿಯಾವನ್ನೇ ತಂದು ಸೇರಿಸಬೇಕಾಯಿತು. ಅಜ್ಜಿ ಕಳಕೊಂಡದ್ದನ್ನು ಮೊಮ್ಮಗಳಿಗೆ ಕೊಡಲು ತಾಯಿಯ ಹತ್ತಿರವೂ ಇರುವುದಿಲ್ಲ.

ಅಕ್ಕ: ತಾಯಿಯಿಂದ ಮಗುವಿಗೆ ಹೋಗುವುದು ಹೆರಿಗೆಯಲ್ಲೇ ಅಲ್ವಾ? ಈಗ ಸಿಸೇರಿಯನ್ ಅಲ್ಲದ ಹೆರಿಗೆ ಹುಡುಕಬೇಕು.

ಮಾಷ್ಟ್ರು: ಹುಡುಕುವಷ್ಟಾಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆರಿಗೆಗಳಲ್ಲಿ ಶೇಕಡಾ 21.5 ಸಿಸೇರಿಯನ್. ಕರ್ನಾಟಕದ ಪ್ರಮಾಣ ಅದಕ್ಕಿಂತ ಹೆಚ್ಚು. ಹಾಗೆ ಹುಟ್ಟಿದ ಮಕ್ಕಳಲ್ಲಿ ಮೊದಲ ತಿಂಗಳುಗಳಲ್ಲಿ ಬ್ಯಾಕ್ಟಿರಾಯ್ಡೀಸ್ ಕಡಿಮೆ, ಆಸ್ಪತ್ರೆಯ ಪರಿಸರದ ಬ್ಯಾಕ್ಟೀರಿಯಾ ಹೆಚ್ಚು ಕಂಡಿವೆ. ಆದರೆ ಅದೇ ಶಸ್ತ್ರಚಿಕಿತ್ಸೆ ಎಷ್ಟೋ ತಾಯಂದಿರನ್ನು ಉಳಿಸಿದೆ, ಅದನ್ನು ಮರೆಯುವಂತಿಲ್ಲ. ಎದೆಹಾಲಿನ ಕತೆ ಇನ್ನೂ ವಿಚಿತ್ರ. ಅದರಲ್ಲಿ ಮಗುವಿಗೆ ಅರಗದ ಒಂದು ಬಗೆಯ ಸಕ್ಕರೆ ಹೇರಳ. ತಾಯಿ ಅದನ್ನು ತಯಾರಿಸುವುದು ಮಗುವಿನ ಹೊಟ್ಟೆಯ ಬಿಫಿಡೊಬ್ಯಾಕ್ಟೀರಿಯಂಗೆ ಎಂದು ಹೇಳಬೇಕಷ್ಟೆ.

ಅಕ್ಕ: ಔಷಧಿ?

ಮಾಷ್ಟ್ರು: ಆ್ಯಂಟಿಬಯೊಟಿಕ್ ಒಂದು ಸುತ್ತು ತೆಗೆದುಕೊಂಡರೆ ಕರುಳಿನ ಜನಸಂಖ್ಯೆ ಅಲ್ಲಾಡುತ್ತದೆ, ವಾರಗಳಲ್ಲಿ ಬಹುತೇಕ ಚೇತರಿಸುತ್ತದೆ; ಕೆಲವು ಬ್ಯಾಕ್ಟೀರಿಯಾಗಳು ತಿಂಗಳಾದರೂ ಮರಳುವುದಿಲ್ಲ. ನೆಗಡಿಗೂ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಅಭ್ಯಾಸವನ್ನು ತಡೆಯಲೆಂದೇ 2014ರಲ್ಲಿ ಹಲವು ಆ್ಯಂಟಿಬಯೊಟಿಕ್‌ಗಳನ್ನು ಎಚ್1 ಎಂಬ ಹೊಸ ಪಟ್ಟಿಗೆ ಸೇರಿಸಿದರು. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು 2019ರಲ್ಲಿ ನಿಷೇಧಿಸಿದರು. ಬೇಕರಿ ತಿಂಡಿ, ಐಸ್‌ಕ್ರೀಮುಗಳಲ್ಲಿ ಎಣ್ಣೆ ನೀರನ್ನು ಬೆಸೆಯಲು ಹಾಕುವ ಕೆಲವು ರಾಸಾಯನಿಕಗಳು ಇಲಿಗಳ ಲೋಳೆಪದರವನ್ನು ತೆಳುಗೊಳಿಸಿದ್ದೂ ದಾಖಲಾಗಿದೆ.

ಅಕ್ಕ: ಹಟ್ಟಿ, ಗೊಬ್ಬರ, ಗದ್ದೆಯ ಕೆಸರು ಇವಕ್ಕೆ ಪಾತ್ರ ಇಲ್ಲವೇ? ಕಾಡಿನ ಸೊಪ್ಪು ತಂದು ಹಟ್ಟಿಗೆ ಹಾಸಿ, ಅದು ಗೊಬ್ಬರವಾಗಿ ಗದ್ದೆಗೆ ಹೋಗಿ, ಗದ್ದೆಯ ಅಕ್ಕಿ ಮನೆಗೆ ಬರುವ ಸುತ್ತು ಅದು.

ಮಾಷ್ಟ್ರು: ಉಂಟು, ಆದರೆ ಅದು ಕರುಳಿಗಿಂತ ಉಸಿರಿನಲ್ಲಿ ಸ್ಪಷ್ಟವಾಗಿ ಕಂಡಿದೆ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಪಂಗಡಗಳು ಮೂಲದಲ್ಲಿ ಹತ್ತಿರದವು. ಆಮಿಶರು ಮನೆಯ ಪಕ್ಕದ ಹಟ್ಟಿಯಲ್ಲಿ ಹಸು ಕುದುರೆ ಸಾಕುವವರು. ಹಟರೈಟರದು ಯಂತ್ರಗಳ ದೊಡ್ಡ ಫಾರಂ, ಮನೆಯಿಂದ ದೂರ. ಆಮಿಶ್ ಮಕ್ಕಳಲ್ಲಿ ಅಸ್ತಮಾ ಶೇಕಡಾ 5ರ ಆಸುಪಾಸು, ಹಟರೈಟ್ ಮಕ್ಕಳಲ್ಲಿ ಶೇಕಡಾ 21. 2016ರ ಆ ಅಧ್ಯಯನ ಇದನ್ನು ಹಟ್ಟಿಯ ಧೂಳಿಗೆ ಜೋಡಿಸಿತು. ಹಾಗೆಂದು ಬರಿಗಾಲಿನ ಕಾಲವನ್ನು ಹೊಗಳುವುದು ಬೇಡ. ಅಡಕೆ ತೋಟದ ಒದ್ದೆ ಮಣ್ಣಿನಿಂದ ಕಾಲಿನ ಮೂಲಕ ಒಳಹೋಗುವ ಕೊಕ್ಕೆಹುಳ ರಕ್ತ ಹೀರಿ ಎಷ್ಟು ಜನರನ್ನು ಸೊರಗಿಸಿತು! 2015ರಿಂದ ಜಂತುಹುಳ ನಿವಾರಣಾ ದಿನ ಎಂದು ಶಾಲೆಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುವುದು ಅದಕ್ಕೇ. ಮಲೇಷ್ಯಾದ ಒರಾಂಗ್ ಅಸ್ಲಿ ಜನರಲ್ಲಿ ಹುಳ ಇರುವ ಕರುಳಲ್ಲೇ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚು ಕಂಡಿತ್ತು. ವೈವಿಧ್ಯ ಹೆಚ್ಚಾದರೆ ಆರೋಗ್ಯ ಹೆಚ್ಚು ಎಂಬ ಸುಲಭ ಸೂತ್ರ ಅಲ್ಲಿ ಮುಗ್ಗರಿಸುತ್ತದೆ.

ಅಕ್ಕ: ಕುದುರೆಮುಖದ ತಪ್ಪಲಿನ ಮಲೆಕುಡಿಯರು ಕಾಡಿನ ಗಡ್ಡೆ, ಜೇನು, ಕಣಿಲೆ ಎಂದು ಬದುಕಿದವರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಈಗ ಪಡಿತರದ ಅಕ್ಕಿ ಅವರ ಮನೆಗೂ ಬರುತ್ತದೆ. ಒಂದು ಆಯುಸ್ಸಿನೊಳಗೆ ಆದ ಬದಲಾವಣೆ.

ಮಾಷ್ಟ್ರು: ಅಂಥದ್ದೇ ಬದಲಾವಣೆಯನ್ನು ನೇಪಾಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಳೆದಿದ್ದಾರೆ. ಕಾಡನ್ನು ನಂಬಿದ ಚೇಪಾಂಗ್. ಕೆಲವೇ ದಶಕಗಳ ಹಿಂದೆ ಬೇಸಾಯಕ್ಕೆ ಬಂದ ರಾವುಟೆ, ರಾಜಿ. ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ರೈತರಾದ ಥಾರು. 2018ರ ಆ ಅಧ್ಯಯನದಲ್ಲಿ ಕರುಳು ಈ ಕ್ರಮವನ್ನೇ ಹಿಡಿದಿತ್ತು: ರಾವುಟೆ, ರಾಜಿಗಳ ಬ್ಯಾಕ್ಟೀರಿಯಾ ಚೇಪಾಂಗರಿಗೂ ಥಾರುಗಳಿಗೂ ನಡುವೆ ನಿಂತಿತ್ತು. ಅದೇ ವರ್ಷ ಥಾಯ್ಲೆಂಡಿನಿಂದ ಅಮೆರಿಕದ ಮಿನೆಸೋಟಾಕ್ಕೆ ವಲಸೆ ಹೋದ ಮೋಂಗ್ ಮತ್ತು ಕರೆನ್ ಜನರ ವರದಿಯೂ ಬಂತು, 500ಕ್ಕೂ ಹೆಚ್ಚು ಜನ. ಹೋದ ತಿಂಗಳುಗಳಲ್ಲೇ ಪ್ರಿವೊಟೆಲ್ಲಾ ಇಳಿದು ಬ್ಯಾಕ್ಟಿರಾಯ್ಡೀಸ್ ಏರತೊಡಗಿತ್ತು, ನಾರು ಒಡೆಯುವ ಕಿಣ್ವಗಳು ಕಳೆದವು. ಅಲ್ಲಿಯೇ ಹುಟ್ಟಿದ ಮಕ್ಕಳಲ್ಲಿ ಇನ್ನಷ್ಟು ನಷ್ಟ.

ಅಕ್ಕ: ತುಳುನಾಡಿನವರು ಮುಂಬಯಿಗೆ ಹೋಗಿ ಹೋಟೆಲು ಇಟ್ಟರು, ಗಲ್ಫಿಗೆ ಹೋದರು. ಊರಿನಿಂದ ಕುಚ್ಚಲಕ್ಕಿ ತರಿಸಿಕೊಳ್ಳುವವರು ಅವರಲ್ಲಿ ಈಗಲೂ ಉಂಟು.

ಮಾಷ್ಟ್ರು: ಅಕ್ಕಿ ಹೋದರೂ ತಜಂಕ್ ಹೋಗುವುದಿಲ್ಲ. ಮೂಡುಬಿದಿರೆಯ ಹಾಸ್ಟೆಲುಗಳಿಗೆ ಘಟ್ಟದ ಮೇಲಿನಿಂದ ಬರುವ ಹುಡುಗರದ್ದೂ ಅದೇ ಸ್ಥಿತಿ. ರಾಗಿಮುದ್ದೆ ಬಿಟ್ಟು ಬಂದವರು. ಆದರೆ ಕರುಳು ಎಷ್ಟು ಬೇಗ ತಿರುಗುತ್ತದೆ ಎಂಬುದಕ್ಕೂ ಪುರಾವೆ ಉಂಟು. 2015ರಲ್ಲಿ 20 ಆಫ್ರಿಕನ್ ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ಊಟ, ಅಲ್ಲಿನ 20 ಹಳ್ಳಿಗರಿಗೆ ಅಮೆರಿಕದ ಊಟ, ಎರಡೇ ವಾರ ಬದಲಿಸಿ ಕೊಟ್ಟರು. ಮೊದಲ ಗುಂಪಿನಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟು ಏರಿತು, ಎರಡನೆಯದರಲ್ಲಿ ಅರ್ಧಕ್ಕೆ ಇಳಿಯಿತು. ಇದ್ದ ಬ್ಯಾಕ್ಟೀರಿಯಾಗಳು ಕೆಲಸ ಬದಲಿಸಲು ಹದಿನೈದು ದಿನ ಸಾಕು. ಇಲ್ಲವಾದವನ್ನು ತರುವುದು ಬೇರೆ ಮಾತು.

ಅಕ್ಕ: ಒಂದು ಉಳಿಯಿತು. ಆಟಿಯಲ್ಲಿ ಉಣ್ಣುವುದೇ ಬೇರೆ, ಬೇಸಗೆಯಲ್ಲಿ ಉಣ್ಣುವುದೇ ಬೇರೆ. ಹಾಗೆ ಋತುವಿನ ಜತೆ ಬ್ಯಾಕ್ಟೀರಿಯಾಗಳೂ ತಿರುಗುತ್ತವೋ?

ಮಾಷ್ಟ್ರು: ಟಾಂಜಾನಿಯಾದ ಹಡ್ಜಾ ಬೇಟೆಗಾರರಲ್ಲಿ ತಿರುಗುತ್ತವೆ; 2017ರಲ್ಲಿ ಅದನ್ನು ತೋರಿಸಿದರು. ಅವರು ದಿನಕ್ಕೆ ನೂರು ಗ್ರಾಮಿಗೂ ಮಿಕ್ಕಿ ನಾರು ತಿನ್ನುವವರು. ಒಣ ಕಾಲದಲ್ಲಿ ಬೇಟೆ ಹೆಚ್ಚು, ಮಳೆಗಾಲದಲ್ಲಿ ಜೇನು, ಹಣ್ಣು ಹೆಚ್ಚು, ಗಡ್ಡೆ ವರ್ಷವಿಡೀ. ಮಳೆಗಾಲದಲ್ಲಿ ಪ್ರಿವೊಟೆಲ್ಲಾ ಬಳಗದ ಎಷ್ಟೋ ಬಗೆಗಳು ಕಣ್ಮರೆಯಾಗುವಷ್ಟು ಇಳಿದು, ಒಣ ಕಾಲ ಮರಳಿದಾಗ ಅವೂ ಮರಳಿದವು. ಹಾಗೆ ಋತುವಿಗೆ ತಕ್ಕಂತೆ ಬಂದು ಹೋಗುವ ಬಗೆಗಳೇ ಕೈಗಾರಿಕಾ ದೇಶಗಳ ಜನರಲ್ಲಿ ಅಪರೂಪ.

ಅಕ್ಕ: ಫ್ರಿಜ್ಜು ಇದ್ದವರಿಗೆ ಋತು ಯಾವುದು, ಮಾಷ್ಟ್ರೇ? ಜುಲೈಯಲ್ಲಿ ದ್ರಾಕ್ಷಿ, ಜನವರಿಯಲ್ಲಿ ಮಾವಿನ ರಸ.

ಮಾಷ್ಟ್ರು: ಭರಣಿಯೂ ಒಂದು ಬಗೆಯ ಫ್ರಿಜ್ಜೇ. ಮೇ ತಿಂಗಳ ಹಲಸನ್ನು ಆಗಸ್ಟಿಗೆ ದಾಟಿಸುವುದು ಅದೇ.

ಅಕ್ಕ: ದಾಟಿಸುತ್ತದೆ, ಆದರೆ ತೆಗೆದ ಸೊಳೆಯನ್ನು ಹಾಗೇ ಬೇಯಿಸಲಿಕ್ಕಾಗುವುದಿಲ್ಲ. ರಾತ್ರಿ ನೀರಿಗೆ ಹಾಕಿ, ಬೆಳಗ್ಗೆ ಎರಡು ಸಲ ಹಿಂಡಿ, ಉಪ್ಪು ಬಿಟ್ಟಿತೋ ಎಂದು ಒಂದು ಚೂರು ಬಾಯಿಗೆ ಹಾಕಿ ನೋಡಿಯೇ ಒಲೆಗೆ ಇಡುವುದು.